ನೆಲ ಮುಚ್ಚೋ ಗುಲಾಬಿ: ಶುರುವಲ್ಲಿ ಸರಿಯಾಗಿ ಹಾಕ್ಬಿಡಿ, ಆಮೇಲೆ ಕೆಲಸ ಕಮ್ಮಿ

ಗುಲಾಬಿ ಅಂದ ತಕ್ಷಣ ಸುಮಾರು ಜನ "ಅಯ್ಯೋ, ವಾರ ವಾರ ಔಷಧಿ ಹೊಡೀಬೇಕು, ಯಾವಾಗ್ಲೂ ಕಟ್ ಮಾಡ್ತಾ ಕೂತಿರ್ಬೇಕು, ನಮ್ ಕೈಲಾಗಲ್ಲ" ಅಂತ ಅದರ ತಂಟೆಗೇ ಹೋಗಲ್ಲ. ಬೊಕೆಗೆ ಹಾಕ್ತಾರಲ್ಲ, ಉದ್ದ ಕಡ್ಡಿ ತುದಿಗೆ ಒಂದೇ ದೊಡ್ಡ ಹೂ ಬಿಡೋ ಗುಲಾಬಿ, ಅದಕ್ಕೆ ಈ ಮಾತು ಸರಿ. ಆದ್ರೆ ಗುಲಾಬಿನಲ್ಲೇ ಇನ್ನೊಂದು ಬಗೆ ಇದೆ, ಎತ್ತರಕ್ಕೆ ಹೋಗದೆ ಅಗಲಕ್ಕೆ ಹರಡ್ಕೊಂಡು, ಮೊಣಕಾಲು ಮಟ್ಟಕ್ಕೆ ನಿಂತು, ಗೊಂಚಲು ಗೊಂಚಲು ಚಿಕ್ಕ ಹೂ ಬಿಟ್ಕೊಂಡು ನೆಲಾನೇ ಮುಚ್ಚಿಬಿಡತ್ತೆ. ಗ್ರೌಂಡ್‌ಕವರ್ ರೋಸ್ ಅಂತಾರೆ ಇದಕ್ಕೆ. ಕಾಂಪೌಂಡ್ ಪಕ್ಕದ ಉದ್ದನೆ ಪಟ್ಟಿ, ಗೇಟಿಂದ ಬಾಗಿಲ ತನಕದ ದಾರಿ ಅಂಚು, ಮಳೆ ನೀರಿಗೆ ಮಣ್ಣು ಕೊಚ್ಕೊಂಡು ಹೋಗೋ ಇಳಿಜಾರು, ಇಂಥ ಜಾಗಕ್ಕೆ ಇದಕ್ಕಿಂತ ಚೆನ್ನಾಗಿರೋ ಗಿಡ ನನಗಂತೂ ಕಂಡಿಲ್ಲ. ಲಾನ್ ಹಾಕಿದ್ರೆ ತಿಂಗಳಿಗೆ ಎಷ್ಟು ಸಲ ಕತ್ತರಿಸ್ಬೇಕು, ಎಷ್ಟು ನೀರು ಬೇಕು ಅಂತ ಒಂದ್ಸಲ ಯೋಚನೆ ಮಾಡಿ. ಕೆಲಸ ಇಲ್ವೇ ಇಲ್ಲ ಅಂತ ಹೇಳ್ತಿಲ್ಲ, ಇದರ ಕೆಲಸ ಎಲ್ಲಾ ನೆಡೋಕ್ಕಿಂತ ಮುಂಚೆ ಮತ್ತೆ ನೆಟ್ಟ ಮೊದಲ ಎರಡು ತಿಂಗಳಲ್ಲಿ ಇದೆ. ಅಲ್ಲಿ ಶಾರ್ಟ್‌ಕಟ್ ಹೊಡೆದ್ರೆ ಆಮೇಲೆ ವರ್ಷಗಟ್ಟಲೆ ಮುಳ್ಳಿನ ಮಧ್ಯ ಕೈ ಹಾಕ್ಕೊಂಡು ಒದ್ದಾಡ್ಬೇಕು, ಅದಕ್ಕೇ ಈ ಬರಹದಲ್ಲಿ ನೆಲ ತಯಾರಿ ಬಗ್ಗೆ ಜಾಸ್ತಿ ಹೇಳ್ತೀನಿ.

ಮೊದಲು ಯಾವ ಗಿಡ ಅನ್ನೋದು. ನೆಟ್‌ನಲ್ಲಿ ಹುಡುಕಿದ್ರೆ ಫ್ಲವರ್ ಕಾರ್ಪೆಟ್, ಡ್ರಿಫ್ಟ್ ಅಂತ ಹೆಸರುಗಳು ಬರ್ತವೆ. ಫ್ಲವರ್ ಕಾರ್ಪೆಟ್ ಜರ್ಮನಿಯ ವೆರ್ನರ್ ನೋಆಕ್ ಅನ್ನೋರು ಬೆಳೆಸಿದ ತಳಿ, 1980ರ ದಶಕದ ಕೊನೆಯಲ್ಲಿ ಬಂತು. ಡ್ರಿಫ್ಟ್ ಅನ್ನೋದು ಫ್ರಾನ್ಸಿನ ಮೆಯಾನ್ ಮನೆತನದವರದು, ನೆಲಕ್ಕೆ ಹರಡೋ ಗುಲಾಬಿಯನ್ನೂ ಮಿನಿಯೇಚರ್ ಗುಲಾಬಿಯನ್ನೂ ಕ್ರಾಸ್ ಮಾಡಿ ತೆಗೆದಿದ್ದು, ಒಂದೂವರೆ ಅಡಿ ಎತ್ತರ, ಎರಡೂವರೆ ಅಡಿ ಅಗಲ ಬರತ್ತೆ. ಇವು ನಮ್ಮೂರಿನ ಸಾಮಾನ್ಯ ನರ್ಸರಿಗಳಲ್ಲಿ ಸಿಗತ್ತೆ ಅಂತ ನಂಬ್ಕೊಂಡು ಕೂರ್ಬೇಡಿ, ಆನ್‌ಲೈನ್‌ನಲ್ಲಿ ಆ ಹೆಸರಲ್ಲಿ ಬೀಜ ಮಾರೋರಿಂದ ಅಂತೂ ದಯವಿಟ್ಟು ತಗೋಬೇಡಿ, ಯಾಕಂದ್ರೆ ಈ ತಳಿಗಳನ್ನ ಕಡ್ಡಿಯಿಂದ ಬೆಳೆಸ್ತಾರೆ, ಬೀಜದಿಂದ ಅದೇ ಗಿಡ ಬರೋಕೆ ಸಾಧ್ಯಾನೇ ಇಲ್ಲ.

ನಮಗೆ ಇಲ್ಲಿ ಸುಲಭಕ್ಕೆ ಸಿಗೋದು ಬಟನ್ ರೋಸ್. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಎಲ್ಲಿ ಹೋದ್ರೂ ನರ್ಸರಿಯಲ್ಲಿ ಕೆಂಪು, ಗುಲಾಬಿ, ಬಿಳಿ ಬಣ್ಣದಲ್ಲಿ ಸಾಲಾಗಿ ಇಟ್ಟಿರ್ತಾರೆ, ಲಾಲ್‌ಬಾಗ್ ಫ್ಲವರ್ ಶೋ ಟೈಮಲ್ಲಿ ಸ್ಟಾಲ್‌ಗಳಲ್ಲೂ ಸಿಗತ್ತೆ. ಒಂದರಿಂದ ಎರಡು ಅಡಿ ಎತ್ತರ, ತುಂಬಾ ಕವಲು ಹೊಡೆಯತ್ತೆ, ವರ್ಷದಲ್ಲಿ ಹೆಚ್ಚುಕಮ್ಮಿ ಎಲ್ಲಾ ತಿಂಗಳೂ ಹೂವು. ಇದಲ್ದೆ ಗುಲಾಬಿಗೇ ಮೀಸಲಾಗಿರೋ ದೊಡ್ಡ ನರ್ಸರಿಗೆ ಹೋದ್ರೆ 'ದಿ ಫೇರಿ' ಇದೆಯಾ ಅಂತ ಒಂದು ಮಾತು ಕೇಳಿ. 1932ರ ಇಂಗ್ಲೆಂಡಿನ ತಳಿ, ತಿಳಿ ಗುಲಾಬಿ ಬಣ್ಣದ ಪುಟ್ಟ ಹೂಗಳು ಗೊಂಚಲಲ್ಲಿ ಬರ್ತವೆ, ತಾನಾಗೇ ಅಗಲಕ್ಕೆ ಬಾಗ್ಕೊಂಡು ಬೆಳೆಯತ್ತೆ, ರೋಗಾನೂ ಕಮ್ಮಿ. ಸಿಕ್ರೆ ಬಿಡ್ಬೇಡಿ.

ನರ್ಸರಿಯಲ್ಲಿ ಬಣ್ಣ ನೋಡೋಕ್ಕಿಂತ ಮುಂಚೆ ಬುಡ ನೋಡಿ, ಇದು ಮುಖ್ಯ. ಬುಡದಲ್ಲಿ ಗಂಟು ಥರ ಊದ್ಕೊಂಡು ಅಲ್ಲಿಂದ ಕೊಂಬೆ ಹೊರಟಿದ್ರೆ ಅದು ಕಸಿ ಗಿಡ, ಕೆಳಗಡೆ ಬೇರು ಬೇರೆ ಗುಲಾಬಿದು. ಒಂದೇ ಒಂದು ಗಿಡ ಕುಂಡದಲ್ಲಿ ಇಟ್ಕೊಳ್ಳೋಕೆ ಕಸಿ ಗಿಡ ಪರವಾಗಿಲ್ಲ. ಆದ್ರೆ ನೆಲ ಪೂರ್ತಿ ಮುಚ್ಚಿರೋ ಕಡೆ, ಕಸಿ ಗಂಟಿನ ಕೆಳಗಿಂದ ಕಾಡು ಚಿಗುರು ಬಂದ್ರೆ ಕಣ್ಣಿಗೇ ಬೀಳಲ್ಲ, ಬೀಳೋ ಹೊತ್ತಿಗೆ ಅದು ಮೇಲಿನ ಗಿಡದ ಶಕ್ತಿನೆಲ್ಲ ಎಳ್ಕೊಂಡು ಆರಡಿ ಬೆಳೆದು ನಿಂತಿರತ್ತೆ. ಸ್ವಂತ ಬೇರಿನ ಗಿಡ, ಅಂದ್ರೆ ಕಡ್ಡಿ ನೆಟ್ಟು ಮಾಡಿದ್ದು, ಅದರಲ್ಲಿ ಈ ತಲೆನೋವೇ ಇಲ್ಲ, ಬುಡದಿಂದ ಏನು ಬಂದ್ರೂ ಅದೇ ಹೂವು. ಬಟನ್ ರೋಸ್‌ನಲ್ಲಿ ಕಡ್ಡಿ ಗಿಡಗಳು ಸಿಗ್ತವೆ, "ಕಸಿ ಬೇಡ, ಕಟಿಂಗ್ ಗಿಡಾನೇ ಕೊಡಿ ಅಣ್ಣ" ಅಂತ ಕೇಳಿ ತಗೊಳ್ಳಿ. ಹೂ ತುಂಬಿರೋ ಗಿಡಕ್ಕಿಂತ ಬುಡದಿಂದ ಮೂರ್ನಾಲ್ಕು ಕವಲು ಹೊಡೆದಿರೋ, ಎಲೆ ಹಿಂದೆ ಕ್ಲೀನಾಗಿರೋ ಗಿಡ ಆರಿಸಿ.

ಜಾಗ ಅಂದ್ರೆ ಬಿಸಿಲು, ಬೇರೆ ಮಾತಿಲ್ಲ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳ್ಬೇಕು, ಅದರಲ್ಲೂ ಬೆಳಗಿನ ಬಿಸಿಲು ಬೀಳೋ ಪೂರ್ವದ ಕಡೆ ಸಿಕ್ರೆ ಇನ್ನೂ ಒಳ್ಳೇದು, ರಾತ್ರಿ ಇಬ್ಬನಿ ಬೇಗ ಒಣಗತ್ತೆ, ಎಲೆ ರೋಗ ಅರ್ಧಕ್ಕರ್ಧ ಅಲ್ಲೇ ಕಡಿಮೆ ಆಗತ್ತೆ. ಪಕ್ಕದಲ್ಲಿ ಮೂರಂತಸ್ತಿನ ಮನೆ ಎದ್ದು ನೆರಳು ಬೀಳೋ ಸೈಟಾದ್ರೆ ಗುಲಾಬಿ ಆಸೆ ಬಿಟ್ಟು ಬೇರೆ ಗಿಡ ನೋಡಿ. ಮಾವು, ತೆಂಗಿನ ಬುಡದಲ್ಲೂ ಬೇಡ, ಅದರ ಬೇರು ಇದಕ್ಕೆ ಏನೂ ಉಳಿಸಲ್ಲ.

ಈಗ ಕಳೆ ವಿಚಾರ. ಇಡೀ ಕೆಲಸದಲ್ಲಿ ಒಂದೇ ಒಂದನ್ನ ಶ್ರದ್ಧೆಯಿಂದ ಮಾಡೋಕಾಗೋದು ಅಂದ್ರೆ ಇದನ್ನ ಮಾಡಿ ಅಂತ ಕೈ ಮುಗಿದು ಹೇಳ್ತೀನಿ. ಗುಲಾಬಿ ಒಂದ್ಸಲ ಹಬ್ಬಿದ ಮೇಲೆ ಅದರ ನೆರಳಿಗೆ ಹೊಸ ಕಳೆ ಬೀಜ ಮೊಳೆಯೋದು ಕಮ್ಮಿ, ಆದ್ರೆ ನೆಲದಲ್ಲಿ ಮೊದಲೇ ಕೂತಿರೋ ಗರಿಕೆ ಮತ್ತೆ ಕೊನ್ನಾರಿ ಗಡ್ಡೆ (ಕೆಲವು ಕಡೆ ಜೇಕು ಅಂತಾರೆ) ಅಷ್ಟು ಸುಲಭಕ್ಕೆ ಸಾಯಲ್ಲ, ಮುಳ್ಳಿನ ಮಧ್ಯದಿಂದ ತೂರ್ಕೊಂಡು ಬರತ್ತೆ, ಆಗ ಕೀಳೋಕೆ ಹೋದ್ರೆ ಮೊಣಕೈ ತನಕ ಗೀರು. ಅದಕ್ಕೆ ಮಾರ್ಚ್‌ನಲ್ಲೇ ಶುರು ಮಾಡಿ. ನೆಲಕ್ಕೆ ನೀರು ಬಿಟ್ಟು ಎರಡು ದಿನ ಆದ್ಮೇಲೆ ಗುದ್ದಲಿಯಲ್ಲಿ ಒಂದು ಅಡಿ ಆಳ ಅಗೆದು, ಹೆಂಟೆ ಒಡೆದು, ಗರಿಕೆಯ ಬಿಳೀ ಬೇರುಗಳನ್ನ ಕೈಯಲ್ಲೇ ಆರಿಸಿ ತೆಗೀರಿ. ಒಂದು ಗೆಣ್ಣು ಉಳಿದ್ರೂ ಅದು ಮತ್ತೆ ಗಿಡ ಆಗತ್ತೆ. ಕೊನ್ನಾರಿದು ಹುಲ್ಲನ್ನ ಹಿಡಿದು ಎಳೆದ್ರೆ ಮೇಲಿನದು ಕಿತ್ಕೊಂಡು ಬಂದು ಗಡ್ಡೆ ಒಳಗೇ ಉಳಿಯತ್ತೆ, ಸನಿಕೆ ಹಾಕಿ ಬುಡಸಮೇತ ಎತ್ತಿ, ಕಡಲೆಕಾಳು ಗಾತ್ರದ ಕಪ್ಪು ಗಡ್ಡೆ ಕೈಗೆ ಸಿಗೋ ತನಕ ಹುಡುಕ್ಬೇಕು, ಒಂದರ ಬೇರು ಹಿಡ್ಕೊಂಡು ಹೋದ್ರೆ ಇನ್ನೊಂದು ಸಿಗತ್ತೆ.

ಆಮೇಲೆ ನೆಲ ಸಮ ಮಾಡಿ, ಚೆನ್ನಾಗಿ ನೀರು ಹಾಕಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಶೀಟ್ ಬಿಗಿಯಾಗಿ ಹಾಸಿ, ಅಂಚಿಗೆಲ್ಲ ಮಣ್ಣು ಮುಚ್ಚಿ ಏಪ್ರಿಲ್-ಮೇ ಬಿಸಿಲಲ್ಲಿ ನಾಲ್ಕರಿಂದ ಆರು ವಾರ ಬಿಟ್ಬಿಡಿ. ಕಪ್ಪು ಶೀಟಲ್ಲ, ಬೆಳಕು ಒಳಗೆ ಹೋಗೋ ಶೀಟು. ಬಿಸಿಲಿನ ಕಾವು ಒಳಗೇ ಸಿಕ್ಕಾಕ್ಕೊಂಡು ಮೇಲಿನ ಮಣ್ಣಲ್ಲಿರೋ ಕಳೆ ಬೀಜ, ಕೆಲವು ರೋಗದ ಶಿಲೀಂಧ್ರ ಸಾಯ್ತವೆ. ಕೊನ್ನಾರಿ ಗಡ್ಡೆ ಮಾತ್ರ ಇದಕ್ಕೂ ಪೂರ್ತಿ ಸಾಯಲ್ಲ, ಆದ್ರಿಂದ ಶೀಟ್ ತೆಗೆದ ಮೇಲೆ ಒಂದೆರಡು ಮಳೆ ಬೀಳೋಕೆ ಬಿಟ್ಟು, ಚಿಗುರಿದ್ದನ್ನ ಇನ್ನೊಂದು ಸಲ ಎತ್ತಿ ಹಾಕಿ. ಇಷ್ಟು ತಾಳ್ಮೆ ಇದ್ರೆ ಮುಂದೆ ನಿಜವಾಗ್ಲೂ ಕೈ ಕಟ್ಕೊಂಡು ಕೂರಬಹುದು.

ನೆಡೋ ಟೈಮು ಬೆಂಗಳೂರು, ಮೈಸೂರು, ತುಮಕೂರು, ಹಾಸನದ ಕಡೆ ಜೂನ್-ಜುಲೈ. ಮಂಗಳೂರು, ಉಡುಪಿ, ಮಲೆನಾಡಿನವರು ಆ ಜಡಿಮಳೆಯಲ್ಲಿ ನೆಟ್ರೆ ಬೇರು ಕೊಳೆಯತ್ತೆ, ಸೆಪ್ಟೆಂಬರ್ ಕೊನೆ ತನಕ ಕಾಯಿರಿ, ಮತ್ತೆ ಪಾತಿಯನ್ನ ನೆಲಮಟ್ಟಕ್ಕಿಂತ ಮುಕ್ಕಾಲು ಅಡಿಯಾದ್ರೂ ಏರಿಸ್ಕೊಳ್ಳಿ. ಧಾರವಾಡ, ವಿಜಯಪುರದ ಎರೆ ಮಣ್ಣಿನವರಿಗೂ ಇದೇ ಮಾತು, ಎರೆ ಮಣ್ಣು ನೀರು ಹಿಡಿದು ಬಿಡೋದೇ ಇಲ್ಲ, ಗುಂಡಿ ತೋಡಿ ಗೊಬ್ಬರ ತುಂಬಿದ್ರೆ ಆ ಗುಂಡಿಯೇ ನೀರು ನಿಲ್ಲೋ ತೊಟ್ಟಿ ಆಗ್ಬಿಡತ್ತೆ, ಅದಕ್ಕೆ ಕೆಂಪು ಮಣ್ಣು, ಗೊಬ್ಬರ ಬೆರೆಸಿ ಏರು ಪಾತಿ ಮಾಡೋದೇ ಸರಿ. ಕೆಂಪು ಮಣ್ಣಲ್ಲಾದ್ರೆ ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಗುಂಡಿ, ತೆಗೆದ ಮಣ್ಣಿಗೆ ಮೂರರಲ್ಲೊಂದು ಭಾಗ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಇಲ್ಲಾ ಎರೆಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ, ಒಂದು ಹಿಡಿ ಮೂಳೆ ಪುಡಿ. ಹೊಸ ಮನೆ ಕಟ್ಟಿದ ಸೈಟಾಗಿದ್ರೆ ಗುಂಡಿಯಲ್ಲಿ ಸಿಮೆಂಟು, ಜಲ್ಲಿ, ಇಟ್ಟಿಗೆ ಚೂರು ಸಿಕ್ಕೇ ಸಿಗತ್ತೆ, ಅದನ್ನೆಲ್ಲ ಹೊರಗೆ ಹಾಕಿ, ಸುಣ್ಣದ ಅಂಶ ಗುಲಾಬಿಗೆ ಆಗಲ್ಲ. ಗೊಬ್ಬರ ಕಳಿತಿದೆಯಾ ಅಂತ ಹೆಂಗೆ ನೋಡೋದು ಅಂದ್ರೆ, ಹಿಡಿಯಲ್ಲಿ ತಗೊಂಡ್ರೆ ಸಗಣಿ ವಾಸನೆ ಬರಬಾರದು, ಮಣ್ಣಿನ ವಾಸನೆ ಬರ್ಬೇಕು. ಹಸಿ ಗೊಬ್ಬರದಲ್ಲಿ ಇಂಗ್ಲಿಷಿನ ಸಿ ಆಕಾರಕ್ಕೆ ಮುದುರಿಕೊಂಡಿರೋ ದಪ್ಪ ಬಿಳೀ ಗೊಣ್ಣೆ ಹುಳ ಇರತ್ತೆ, ಅದು ಬೇರು ತಿಂದು ಗಿಡಾನ ನಿಂತಲ್ಲೇ ಒಣಗಿಸತ್ತೆ, ಆದ್ರಿಂದ ಗೊಬ್ಬರನ ಒಂದು ಚೀಲದ ಮೇಲೆ ಹರಡಿ ನೋಡಿಯೇ ಗುಂಡಿಗೆ ಹಾಕಿ.

ಗಿಡದಿಂದ ಗಿಡಕ್ಕೆ ಎರಡು ಅಡಿ ಸಾಕು. ಹತ್ತಡಿ ಉದ್ದ, ನಾಲ್ಕಡಿ ಅಗಲದ ಪಟ್ಟಿ ಇದ್ರೆ ಎರಡು ಸಾಲು, ಸಾಲಿಗೆ ಐದು, ಒಟ್ಟು ಹತ್ತು ಗಿಡ. ಎದುರುಬದುರು ಇಡ್ಬೇಡಿ, ಮುಂದಿನ ಸಾಲಿನ ಎರಡು ಗಿಡದ ಮಧ್ಯಕ್ಕೆ ಹಿಂದಿನ ಸಾಲಿನ ಗಿಡ ಬರೋ ಹಾಗೆ ಇಟ್ರೆ ಬೇಗ ಕೂಡ್ಕೊಳ್ಳತ್ತೆ. ಕಾಂಪೌಂಡ್ ಗೋಡೆಯಿಂದ ಒಂದಡಿ ಜಾಗ ಖಾಲಿ ಬಿಡಿ, ದಾರಿ ಕಡೆಗೂ ಅಷ್ಟೇ, ಇಲ್ಲಾಂದ್ರೆ ಓಡಾಡೋರ ಪಂಚೆ, ಸೀರೆಗೆ ಮುಳ್ಳು ಸಿಕ್ಕಾಕ್ಕೊಳ್ಳತ್ತೆ, ಮಕ್ಕಳ ಕಾಲಿಗೂ ಗೀರತ್ತೆ. ಸ್ವಂತ ಬೇರಿನ ಗಿಡನ ಕವರಲ್ಲಿ ಎಷ್ಟು ಆಳ ಇತ್ತೋ ಅದಕ್ಕಿಂತ ಒಂದಿಂಚು ಕೆಳಗೇ ಕೂರಿಸಿ, ಬುಡದಿಂದ ಇನ್ನಷ್ಟು ಕವಲು ಬರತ್ತೆ. ಪ್ಲಾಸ್ಟಿಕ್ ಕವರ್ ಬಿಚ್ಚಿದಾಗ ಬೇರು ಗುಂಡಗೆ ಸುತ್ತಿಕೊಂಡಿದ್ರೆ ಬೆರಳಲ್ಲಿ ಸ್ವಲ್ಪ ಬಿಡಿಸಿ.

ನೀರು ಹೇಳೋದಾದ್ರೆ, ಮೊದಲ ಎರಡು ತಿಂಗಳು ಮಳೆ ಇಲ್ದಿದ್ರೆ ಎರಡು ಮೂರು ದಿನಕ್ಕೊಂದ್ಸಲ ಗಿಡಕ್ಕೆ ಮೂರು ನಾಲ್ಕು ಲೀಟರ್, ಬೇರು ಕಚ್ಕೊಂಡ ಮೇಲೆ ವಾರಕ್ಕೊಂದ್ಸಲ ಎಂಟು ಹತ್ತು ಲೀಟರ್ ಒಟ್ಟಿಗೆ, ಏಪ್ರಿಲ್-ಮೇನಲ್ಲಿ ವಾರಕ್ಕೆರಡು ಸಲ. ದಿನಾ ಒಂದೊಂದು ಚೊಂಬು ಚಿಮುಕಿಸೋದು ಬೇಡ, ಬೇರು ಮೇಲೇ ಉಳಿದು ಬೇಸಿಗೆಯಲ್ಲಿ ಸುಟ್ಟು ಹೋಗತ್ತೆ. ಪೈಪ್ ಹಿಡಿದು ಎಲೆ ಮೇಲೆ ಸಾಯಂಕಾಲ ಹೊಡೆಯೋದಂತೂ ಬೇಡವೇ ಬೇಡ. ಆಗೋದಾದ್ರೆ ಒಂದು ಡ್ರಿಪ್ ಲೈನ್ ಎಳೆದುಬಿಡಿ, ಗಿಡ ಹಬ್ಬಿದ ಮೇಲೆ ಪೈಪ್ ಒಳಗೆ ತೂರಿಸೋದು ಕಷ್ಟ. ಇನ್ನೊಂದು, ಬೆಂಗಳೂರಿನಂಥ ಕಡೆ ಆರ್‌ಒ ಫಿಲ್ಟರ್‌ನಿಂದ ಹೊರಗೆ ಹೋಗೋ ನೀರನ್ನ ವೇಸ್ಟ್ ಯಾಕೆ ಅಂತ ಗಿಡಕ್ಕೆ ಬಿಡ್ತಾರೆ, ಸಾಫ್ಟ್‌ನರ್ ನೀರನ್ನೂ ಹಾಕ್ತಾರೆ, ಎರಡರಲ್ಲೂ ಉಪ್ಪಿನಂಶ ಇರತ್ತೆ, ನಿಧಾನಕ್ಕೆ ಮಣ್ಣು ಹಾಳಾಗತ್ತೆ. ಆ ನೀರು ನೆಲ ಒರೆಸೋಕೆ ಇರಲಿ. ಬೋರ್‌ವೆಲ್ ಗಡಸು ನೀರೇ ಗತಿ ಅನ್ನೋರಿಗೆ, ಎಳೆ ಎಲೆ ಹಳದಿ ಆಗಿ ನರ ಮಾತ್ರ ಹಸಿರಾಗಿ ಕಾಣ್ಸಿದ್ರೆ ಅದು ಕಬ್ಬಿಣದ ಕೊರತೆ, ಚಿಲೇಟೆಡ್ ಐರನ್ (ಗಿಡ ಸುಲಭಕ್ಕೆ ಹೀರ್ಕೊಳ್ಳೋ ರೂಪದ ಕಬ್ಬಿಣ) ತಂದು ಪ್ಯಾಕೆಟ್ ಮೇಲಿರೋ ಅಳತೆಯಲ್ಲಿ ಸ್ಪ್ರೇ ಮಾಡಿ, ಮಳೆ ನೀರು ಹಿಡಿದಿಟ್ಟಿದ್ರೆ ಅದನ್ನ ಕೊಡಿ, ಸರಿ ಹೋಗತ್ತೆ.

ನೆಟ್ಟ ದಿನವೇ ಮುಚ್ಚಿಗೆ ಹಾಕ್ಬೇಕು, ಅಂದ್ರೆ ಮಲ್ಚಿಂಗ್. ಗಿಡಗಳು ಕೂಡ್ಕೊಳ್ಳೋಕೆ ಒಂದು ವರ್ಷದ ಮೇಲೇ ಬೇಕಾಗತ್ತೆ, ಅಲ್ಲಿ ತನಕ ಮಧ್ಯದ ಖಾಲಿ ನೆಲನ ನಾವೇ ಮುಚ್ಚಬೇಕು. ನಿಮ್ಮೂರಲ್ಲಿ ಏನು ಪುಕ್ಕಟೆ ಸಿಗತ್ತೋ ಅದು: ಮಂಡ್ಯ ಕಡೆ ಕಬ್ಬಿನ ತರಗು, ತೀರ್ಥಹಳ್ಳಿ, ಶಿರಸಿ ಕಡೆ ಅಡಿಕೆ ಸಿಪ್ಪೆ, ಕೊಡಗು, ಚಿಕ್ಕಮಗಳೂರಲ್ಲಿ ಕಾಫಿ ಹೊಟ್ಟು, ಸಿಟಿಯಲ್ಲಾದ್ರೆ ಬೀದಿ ಗುಡಿಸಿ ಮೂಟೆ ಕಟ್ಟಿರೋ ಹೊಂಗೆ ಎಲೆ. ಎರಡು ಮೂರು ಇಂಚು ದಪ್ಪ, ಬುಡದಿಂದ ಎರಡಿಂಚು ದೂರ. ಗೆದ್ದಲು ಕಾಟ ಇರೋ ಜಾಗದಲ್ಲಿ ಕೆಳಗೆ ಬೇವಿನ ಹಿಂಡಿ ಉದುರಿಸಿ ಮೇಲೆ ಎಲೆ ಹಾಕಿ. ಬಾಳೆಹಣ್ಣಿನ ಸಿಪ್ಪೆ, ತರಕಾರಿ ಸಿಪ್ಪೆ ನೇರವಾಗಿ ಬುಡಕ್ಕೆ ಹಾಕೋ ಅಭ್ಯಾಸ ಇದ್ರೆ ಇಲ್ಲಿ ಬೇಡ, ಪೊದೆ ಒಳಗೆ ಇಲಿ, ಹೆಗ್ಗಣ ಬಂದು ಸೇರ್ಕೊಳ್ಳತ್ತೆ, ಕಾಂಪೋಸ್ಟ್ ಮಾಡಿ ಹಾಕಿ.

ಇಲಿ ಅಂದಾಗ ಹಾವಿನ ಮಾತು ಬರತ್ತೆ. ಮನೆಯಲ್ಲಿ ಹಿರಿಯರು "ನೆಲಕ್ಕೆ ಹಬ್ಬೋ ಗಿಡ ಹಾಕಿದ್ರೆ ಹಾವು ಬರತ್ತೆ" ಅಂದ್ರೆ ಅದನ್ನ ತಳ್ಳಿ ಹಾಕ್ಬೇಡಿ, ದಟ್ಟ ಪೊದೆ ಮತ್ತೆ ಇಲಿ ಎರಡೂ ಇರೋ ಕಡೆ ಹಾವು ಬರೋದು ಸಹಜವೇ. ಅದಕ್ಕೇ ಗೋಡೆ ಪಕ್ಕ ಒಂದಡಿ ಬಿಡಿ ಅಂದಿದ್ದು. ವರ್ಷಕ್ಕೊಂದ್ಸಲ ಕಟ್ ಮಾಡುವಾಗ ಒಣಗಿದ ಕಡ್ಡಿಗಳನ್ನೆಲ್ಲ ಕೆಳಗಿಂದ ಎಳೆದು ತೆಗೀರಿ, ಪಕ್ಕದಲ್ಲಿ ಇಟ್ಟಿಗೆ, ಕಲ್ಲು ಗುಡ್ಡೆ ಹಾಕಿಡ್ಬೇಡಿ, ಕೆಲಸಕ್ಕೆ ಇಳಿಯೋ ಮುಂಚೆ ಒಂದು ಕೋಲಲ್ಲಿ ತಟ್ಟಿ, ದಪ್ಪ ಗ್ಲೌಸು, ಬೂಟು ಹಾಕ್ಕೊಂಡೇ ಇಳೀರಿ. ಮನೆ ಬಾಗಿಲಿಗೆ ಅಂಟಿಕೊಂಡಿರೋ ಜಾಗಕ್ಕಿಂತ ಗೇಟ್ ಕಡೆ ಹಾಕೋದು ವಾಸಿ.

ಬಟನ್ ರೋಸ್ ತಾನಾಗೇ ಪೂರ್ತಿ ಮಲಗಲ್ಲ, ಸ್ವಲ್ಪ ಮೇಲಕ್ಕೇ ಹೋಗತ್ತೆ, ಅದನ್ನ ನಾವು ಮಲಗಿಸ್ಬೇಕು. ಇದು ಹಳೇ ವಿದ್ಯೆ, ತುಂಬಾ ಚೆಂದದ ವಿದ್ಯೆ. ಕಟ್ಟು ತಂತಿಯಲ್ಲಿ ಒಂದು ಗೇಣುದ್ದದ ತುಂಡು ಮಾಡಿ ಹೇರ್‌ಪಿನ್ ಥರ ಬಗ್ಗಿಸ್ಕೊಳ್ಳಿ. ಒಂದೂವರೆ ಅಡಿ ದಾಟಿದ, ಇನ್ನೂ ಹಸಿರಾಗಿ ಬಾಗೋ ಕೊಂಬೆನ ತುದಿ ಹಿಡಿದು ಒಂದೇ ಸಲ ಎಳೀದೆ, ಬುಡದ ಹತ್ರ ಒಂದು ಕೈ ಆಸರೆ ಕೊಟ್ಟು ನಿಧಾನಕ್ಕೆ ನೆಲದ ಕಡೆ ಬಾಗಿಸಿ, ತುದಿಗಿಂತ ಸ್ವಲ್ಪ ಹಿಂದೆ ಆ ತಂತಿ ಚುಚ್ಚಿ ಹಿಡಿಸಿ. ಕೊಂಬೆ ನೆಟ್ಟಗಿದ್ದಾಗ ತುದಿ ಮೊಗ್ಗು ಕೆಳಗಿನ ಗೆಣ್ಣುಗಳನ್ನ ಚಿಗುರೋಕೆ ಬಿಡಲ್ಲ, ಮಲಗಿಸಿದ ಮೇಲೆ ಆ ತಡೆ ಹೋಗಿ ಉದ್ದಕ್ಕೂ ಪ್ರತಿ ಗೆಣ್ಣಲ್ಲೂ ಸಣ್ಣ ಚಿಗುರು ಏಳತ್ತೆ, ಒಂದು ಗೊಂಚಲು ಬಿಡೋ ಕಡೆ ಸಾಲಾಗಿ ಆರೇಳು ಗೊಂಚಲು. ಮಧ್ಯಾಹ್ನ ಮಾಡಿ, ಬೆಳಿಗ್ಗೆ ಕೊಂಬೆಯಲ್ಲಿ ನೀರು ತುಂಬ್ಕೊಂಡು ಗಡುಸಾಗಿರತ್ತೆ, ಲಟಕ್ ಅಂತ ಮುರಿಯತ್ತೆ.

ಕಟಿಂಗ್ ವಿಷಯದಲ್ಲಿ ಈ ಗುಲಾಬಿಗಳು ತುಂಬಾ ಸರಳ. ಹೊರಗಡೆ ಮುಖ ಮಾಡಿರೋ ಕಣ್ಣಿನ (ಚಿಗುರು ಒಡೆಯೋ ಜಾಗ) ಮೇಲೆ ಕಾಲಿಂಚು ಬಿಟ್ಟು ಓರೆಯಾಗಿ ಕತ್ತರಿಸ್ಬೇಕು ಅನ್ನೋ ಲೆಕ್ಕ ಎಲ್ಲಾ ದೊಡ್ಡ ಗುಲಾಬಿಗೆ. ಇಲ್ಲಿ ಮಳೆ ಮುಗಿದ ಮೇಲೆ ಅಕ್ಟೋಬರ್ ಕೊನೆಗೋ ನವೆಂಬರಿಗೋ ಬೇಲಿ ಕತ್ತರಿಸೋ ದೊಡ್ಡ ಕತ್ತರಿ ತಗೊಂಡು ಮೇಲಿಂದ ಮೂರನೇ ಒಂದು ಭಾಗ ಹಾಗೇ ಕತ್ತರಿಸ್ಕೊಂಡು ಹೋಗಿ, ಮಲಗಿಸಿದ ಕೊಂಬೆಗಳನ್ನ ಬಿಟ್ಟು. ಆಮೇಲೆ ಗಿಡಕ್ಕೆ ಎರಡು ಬೊಗಸೆ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಜೂನ್‌ನಲ್ಲಿ ಇನ್ನೊಂದ್ಸಲ ಗೊಬ್ಬರ. ಅಷ್ಟೇ. ಒಣಗಿದ ಹೂ ಕಿತ್ತು ಹಾಕೋದು ಆದ್ರೆ ಮಾಡಿ, ಇಲ್ಲಾಂದ್ರೂ ನಡೆಯತ್ತೆ. ದೇವರಿಗೆ, ಮುಡಿಯೋಕೆ ಅಂತ ದಿನಾ ಬಿಡಿಸ್ಕೊಳ್ತಾ ಇದ್ರೆ ಆ ಕೆಲಸಾನೂ ಅದರಲ್ಲೇ ಆಗ್ಹೋಗತ್ತೆ, ಮತ್ತೆ ಮೊಗ್ಗು ಬರ್ತಾನೇ ಇರತ್ತೆ. ಕಾಂಪೌಂಡ್ ಮೇಲಿಂದ ಕೈ ಹಾಕಿ ಕಿತ್ಕೊಳ್ಳೋ ವಾಕಿಂಗ್ ಅಜ್ಜಿಯರ ಮೇಲೆ ಕೋಪ ಬೇಡ, ಗಿಡಕ್ಕೆ ಒಳ್ಳೇದೇ ಆಗ್ತಿದೆ.

ರೋಗ, ಹುಳದ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಮಳೆಗಾಲದಲ್ಲಿ ಎಲೆ ಮೇಲೆ ಕಪ್ಪು ಚುಕ್ಕೆ ಬಂದು ಹಳದಿಯಾಗಿ ಉದುರತ್ತೆ, ಉದುರಿದ್ದನ್ನ ಗುಡಿಸಿ ಹೊರಗೆ ಹಾಕಿ, ಬಿಸಿಲು ಬಂದ ಮೇಲೆ ಹೊಸ ಎಲೆ ಬರತ್ತೆ. ಬೇಸಿಗೆಯಲ್ಲಿ ಎಲೆ ಮಂಕಾಗಿ ಸಣ್ಣ ಬಿಳಿ ಚುಕ್ಕೆ ಬಿದ್ದಿದ್ರೆ ತಿರುಗಿಸಿ ನೋಡಿ, ಹಿಂದೆ ಕಣ್ಣಿಗೆ ಕಾಣೋದೇ ಕಷ್ಟ ಅನ್ನೋ ಕೆಂಪು ನುಸಿ, ಸಣ್ಣ ಬಲೆ ಇರತ್ತೆ, ಬೆಳಿಗ್ಗೆ ಹೊತ್ತು ಎಲೆ ಹಿಂಭಾಗಕ್ಕೆ ಜೋರಾಗಿ ನೀರು ಹೊಡೆದ್ರೆ ಅರ್ಧ ಸಮಸ್ಯೆ ಮುಗೀತು (ಎಲೆ ಮೇಲೆ ನೀರು ಬೇಡ ಅಂದಿದ್ದಕ್ಕೆ ಇದೊಂದು ಬಿಟ್ರೆ ಬೇರೆ ರಿಯಾಯಿತಿ ಇಲ್ಲ). ಥ್ರಿಪ್ಸ್ (ರಸ ಹೀರೋ ಪುಟ್ಟ ಹುಳ), ಗಿಡದ ಹೇನು, ಹಿಟ್ಟು ತಿಗಣೆ ಜಾಸ್ತಿ ಆದ್ರೆ ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ನಾಲ್ಕು ಹನಿ ಸೋಪ್ ದ್ರಾವಣ, ಬಿಸಿಲು ಇಳಿದ ಮೇಲೆ. ತುದಿಯಿಂದ ಕಡ್ಡಿ ಕಪ್ಪಾಗ್ತಾ ಕೆಳಗೆ ಬಂದ್ರೆ ಆರೋಗ್ಯವಾಗಿರೋ ಭಾಗ ಸಿಗೋ ತನಕ ಕತ್ತರಿಸಿ, ಕತ್ತರಿ ಒರೆಸಿ ಮುಂದಿನ ಗಿಡಕ್ಕೆ ಹೋಗಿ. ಎಲೆ ಅಂಚಲ್ಲಿ ಬಳೆ ಇಟ್ಟು ಕತ್ತರಿಸಿದಷ್ಟು ನೀಟಾಗಿ ಅರ್ಧಚಂದ್ರ ಕಟ್ ಆಗಿದ್ರೆ ಮಾತ್ರ ಏನೂ ಹೊಡೀಬೇಡಿ, ಅದು ಎಲೆ ಕತ್ತರಿಸೋ ಜೇನು, ಗೂಡು ಕಟ್ಟೋಕೆ ತುಂಡು ತಗೊಂಡು ಹೋಗತ್ತೆ, ಗಿಡಕ್ಕೇನೂ ಆಗಲ್ಲ, ಅವು ಇರಬೇಕಾದ ಜೀವಗಳು.

ಅಮೆರಿಕದಲ್ಲಿರೋ ನಮ್ಮೋರು ಅಂಗಡಿಗೆ ಹೋದ್ರೆ ಡ್ರಿಫ್ಟ್ ಸುಲಭಕ್ಕೆ ಸಿಗತ್ತೆ. ಪಕ್ಕದಲ್ಲೇ ನಾಕ್ ಔಟ್ ಅಂತ ಇಟ್ಟಿರ್ತಾರೆ, ಅದೂ ಗಟ್ಟಿ ಗಿಡವೇ, ಆದ್ರೆ ಮೂರು ನಾಲ್ಕು ಅಡಿ ಎತ್ತರದ ಪೊದೆ, ನೆಲಕ್ಕೆ ಹಬ್ಬೋದಲ್ಲ. ಅಲ್ಲಿ ಕಟಿಂಗ್ ಮಾಡೋದು ಚಳಿ ಮುಗೀತಾ ಬಂದಾಗ, ಹಿಮ ಬೀಳೋ ಮುಂಚೆ ಅಲ್ಲ. ಕೊಂಬೆ ತುದಿಯಲ್ಲಿ ಪೊರಕೆ ಥರ ಕೆಂಪು ಚಿಗುರು ಗುಂಪಾಗಿ, ವಿಪರೀತ ಮುಳ್ಳಿನ ಜೊತೆ ಬಂದ್ರೆ ಅದು ರೋಸ್ ರೋಸೆಟ್ ವೈರಸ್, ಔಷಧಿ ಇಲ್ಲ, ಬೇರುಸಮೇತ ಕಿತ್ತು ಕವರಲ್ಲಿ ಕಟ್ಟಿ ಹಾಕ್ಬೇಕು. ಗಿಡದ ಲೇಬಲ್ ಮೇಲೆ ಪೇಟೆಂಟ್ ನಂಬರ್ ಇದ್ರೆ ಅದರಿಂದ ಸಸಿ ಮಾಡೋ ಹಾಗಿಲ್ಲ, ಗಮನ ಇರಲಿ.

ನಮ್ಮ ಬಟನ್ ರೋಸ್‌ಗೆ ಅಂಥ ಅಡ್ಡಿ ಏನಿಲ್ಲ, ಆದ್ರಿಂದ ಹತ್ತು ಗಿಡಕ್ಕೆ ದುಡ್ಡು ಹಾಕೋ ಬದಲು ನಾಲ್ಕೈದು ತಗೊಂಡು ಉಳಿದದ್ದನ್ನ ನೀವೇ ಮಾಡ್ಕೊಳ್ಳಿ. ಜೂನ್‌ನಿಂದ ಆಗಸ್ಟ್ ಒಳಗೆ, ಹೂ ಬಿಟ್ಟು ಮುಗಿಸಿದ ಕೊಂಬೆ ಆರಿಸಿ, ನೆಲಕ್ಕೆ ತಾಗೋ ಜಾಗದಲ್ಲಿ ಕೆಳಭಾಗದ ಸಿಪ್ಪೆ ಒಂದಿಂಚು ಉದ್ದ ಬ್ಲೇಡಲ್ಲಿ ಹೆರೆದು, ಆ ಭಾಗನ ಎರಡಿಂಚು ಆಳದ ಮಣ್ಣಲ್ಲಿ ಹೂತು, ತುದಿ ಮೇಲೆ ಇರೋ ಹಾಗೆ ನೋಡ್ಕೊಂಡು ಮೇಲೊಂದು ಕಲ್ಲಿಡಿ. ತೇವ ಆರಬಾರದು. ಎಂಟು ವಾರ ಕಳೆದ ಮೇಲೆ ಕಲ್ಲು ತೆಗೆದು ತುದಿ ಹಿಡಿದು ಮೆತ್ತಗೆ ಎಳೆದು ನೋಡಿ, ಗಟ್ಟಿಯಾಗಿ ಹಿಡ್ಕೊಂಡಿದ್ರೆ ಬೇರು ಬಂದಿದೆ ಅಂತ. ಆಗ ತಾಯಿ ಗಿಡದ ಕಡೆ ಕತ್ತರಿಸಿ, ಆದ್ರೆ ತಕ್ಷಣ ಕೀಳ್ಬೇಡಿ, ಇನ್ನೊಂದು ಎರಡು ವಾರ ಅಲ್ಲೇ ತನ್ನ ಬೇರಲ್ಲಿ ಬದುಕೋದು ರೂಢಿ ಆಗಲಿ, ಆಮೇಲೆ ಮಣ್ಣಿನ ಮುದ್ದೆ ಸಮೇತ ಎತ್ತಿ ಬೇಕಾದ ಕಡೆ ನೆಡಿ. ಪಾತಿ ಮಧ್ಯೆ ಎಲ್ಲಾದ್ರೂ ಖಾಲಿ ಜಾಗ ಕಾಣ್ತಿದ್ರೆ ಎತ್ತೋದೂ ಬೇಡ, ಕೊಂಬೆನ ಆ ಖಾಲಿ ಜಾಗಕ್ಕೇ ತಿರುಗಿಸಿ ಹೂತುಬಿಡಿ, ಅಲ್ಲೇ ಗಿಡ ಆಗತ್ತೆ.